ಅಕ್ಕಿ ಹುಳಿಯಾಗುವ ಬಗೆ: ಜಪಾನಿನ ವಿನೆಗರ್ ಪರಿಚಯ

ಅನ್ನಕ್ಕೆ ವಿನೆಗರ್ ಕಲಸಿ ತಿನ್ನುತ್ತಾರೆ ಎಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಅವರನ್ನು ದೂರುವಂತಿಲ್ಲ. ನಮ್ಮ ಊರುಗಳಲ್ಲಿ ವಿನೆಗರ್ ಎಂದರೆ ಗೋಬಿ ಮಂಚೂರಿ ಗಾಡಿಯ ಮೇಲಿನ ಬಾಟಲಿ. ಮುಚ್ಚಳ ತೆಗೆದರೆ ಸಾಕು, ಘಾಟು ನೆತ್ತಿಗೇರುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಂಥ ಕೆಲವು ಕಡೆ ಬಿಟ್ಟರೆ ಹುಳಿ ಬೇಕೆಂದಾಗ ನಮ್ಮ ಕೈ ಹೋಗುವುದು ಹುಣಸೆಹಣ್ಣಿಗೆ, ನಿಂಬೆಗೆ, ಮಜ್ಜಿಗೆಗೆ. ಗಾಡಿಯ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ ಸಿಂಥೆಟಿಕ್ ವಿನೆಗರ್. ಅದರ ರುಚಿ ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಅಡುಗೆಯನ್ನು ಊಹಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿಯ ವಿನೆಗರ್ ಅಕ್ಕಿಯಿಂದ ಹುಟ್ಟಿದ್ದು. ಹುಳಿಯ ಹಿಂದೆ ಸಣ್ಣಗೆ ಸಿಹಿ ಇರುತ್ತದೆ, ಅಕ್ಕಿಯ ಕಂಪಿರುತ್ತದೆ.

ಅಕ್ಕಿ ಹುಳಿಯಾಗುವುದು ಹೇಗೆ? ಇದೊಂದನ್ನು ನಿಧಾನವಾಗಿ ನೋಡೋಣ, ಉಳಿದದ್ದೆಲ್ಲ ಆಮೇಲೆ ಸುಲಭ. ಅಕ್ಕಿಯಲ್ಲಿರುವುದು ಪಿಷ್ಟ. ಪಿಷ್ಟವನ್ನು ಯೀಸ್ಟ್ ಮುಟ್ಟುವುದಿಲ್ಲ, ಅದಕ್ಕೆ ಸಕ್ಕರೆ ಬೇಕು. ಹಾಗಾಗಿ ಮೊದಲ ಕೆಲಸ ಕೋಜಿಯದು. ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿದ ಒಂದು ಬಗೆಯ ಬೂಷ್ಟು ಅದು. ಸೋಯಾ ಸಾಸ್, ಮಿಸೊ ಎಂಬ ಸೋಯಾ ಮುದ್ದೆ, ಸಾಕೆ ಎಂಬ ಮದ್ಯ, ಎಲ್ಲದಕ್ಕೂ ಅದೇ ಬುನಾದಿ. ಕೋಜಿ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯ ಮಾಡುತ್ತದೆ. ಕೊನೆಗೆ ಅಸಿಟಿಕ್ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ಹಿಡಿದು ಮದ್ಯವನ್ನು ಹುಳಿ ಮಾಡುತ್ತದೆ. ಅಂದರೆ ಅಕ್ಕಿ ಮೊದಲು ಸಾಕೆ ಆಗಬೇಕು, ಆಮೇಲೆಯೇ ವಿನೆಗರ್. ಕೊನೆಯ ಹಂತಕ್ಕೆ ಮಾತ್ರ ಗಾಳಿ ಬೇಕು ಎಂಬುದನ್ನು ನೆನಪಿಡಿ. ವಿನೆಗರ್ ತಯಾರಿಸುವವರ ಜಾಣತನವೆಲ್ಲ ಗಾಳಿಯನ್ನು ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬುದರಲ್ಲಿದೆ.

ಈ ವಿದ್ಯೆ ಚೀನಾದಿಂದ ಬಂತೆಂದು ಹೇಳುತ್ತಾರೆ. ಇಂದಿನ ಒಸಾಕಾದ ದಕ್ಷಿಣಕ್ಕಿದ್ದ ಇಜುಮಿ ಸೀಮೆ ಮೊದಲು ಅದಕ್ಕೆ ಹೆಸರಾಯಿತು. ಎಂಟನೆಯ ಶತಮಾನದ ಕವಿತೆಗಳ ಸಂಗ್ರಹ ‘ಮನ್‌ಯೋಶು’ವಿನಲ್ಲಿ ವಿನೆಗರ್ ಮತ್ತು ಬೆಳ್ಳುಳ್ಳಿ ಜೊತೆ ಮೀನು ತಿನ್ನುವ ಆಸೆ ಹೇಳಿಕೊಂಡವನೊಬ್ಬನಿದ್ದಾನೆ. 927ರಲ್ಲಿ ಸಿದ್ಧವಾದ ಅರಮನೆಯ ನಿಯಮಗ್ರಂಥ ‘ಎಂಗಿಶಿಕಿ’ಯಲ್ಲಿ ವಿನೆಗರ್ ಮಾಡಲು ಎಷ್ಟು ಅಕ್ಕಿ, ಎಷ್ಟು ಕೋಜಿ ಎಂಬ ಲೆಕ್ಕವೇ ಇದೆ.

ಹಳೆಯ ಪದ್ಧತಿಯನ್ನು ಕಣ್ಣಾರೆ ನೋಡಬೇಕೆಂದರೆ ಜಪಾನಿನ ದಕ್ಷಿಣ ಭಾಗದ ಕಾಗೊಶಿಮಾಕ್ಕೆ ಹೋಗಬೇಕು. ಅಲ್ಲಿ ಕಿರಿಶಿಮಾ ನಗರಕ್ಕೆ ಸೇರಿದ ಫುಕುಯಾಮಾ ಎಂಬ ಊರಿದೆ. ಮೂರು ಕಡೆ ಗುಡ್ಡ, ಮುಂದೆ ಕೊಲ್ಲಿ, ಕೊಲ್ಲಿಯಲ್ಲಿ ಹೊಗೆಯಾಡುವ ಸಕುರಾಜಿಮಾ ಜ್ವಾಲಾಮುಖಿ. ಚಳಿಗಾಲದಲ್ಲೂ ಹವೆ ಬೆಚ್ಚಗೆ. ಆ ಇಳಿಜಾರಿನ ಬಯಲಲ್ಲಿ, ಸೂರಿಲ್ಲದೆ, ಸಾಲು ಸಾಲಾಗಿ ಕಪ್ಪು ಜಾಡಿಗಳು. ಊರಿನವರು ಅದನ್ನು ಜಾಡಿಗಳ ಹೊಲ ಎಂದೇ ಕರೆಯುತ್ತಾರೆ. ಒಂದೊಂದು ಜಾಡಿ ಹಿಡಿಯುವುದು ಸುಮಾರು 54 ಲೀಟರ್. ಇಲ್ಲಿ ಸುಮಾರು ಇನ್ನೂರು ವರ್ಷಗಳಿಂದ ಕುರೊಜು ಎಂಬ ಕಪ್ಪು ವಿನೆಗರ್ ಆಗುತ್ತಿದೆ.

ಜಾಡಿ ತುಂಬುವುದು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ. ತಳಕ್ಕೆ ಕೋಜಿ, ಅದರ ಮೇಲೆ ಹಬೆಯಲ್ಲಿ ಬೆಂದ ಅಕ್ಕಿ, ಆಮೇಲೆ ನೀರು. ಕೊನೆಗೆ ಒಣಗಿಸಿದ ಕೋಜಿಯನ್ನು ಮೆಲ್ಲಗೆ ನೀರಿನ ಮೇಲೆ ಉದುರಿಸುತ್ತಾರೆ. ಕೈ ಒರಟಾದರೆ ಅದು ಮುಳುಗಿಹೋಗುತ್ತದೆ. ಸರಿಯಾಗಿ ಉದುರಿಸಿದರೆ ತೇಲಿ, ಒಂದಕ್ಕೊಂದು ಅಂಟಿಕೊಂಡು, ನೀರಿಗೆ ಮುಚ್ಚಳದಂತೆ ಕೂರುತ್ತದೆ. ಆ ಮುಚ್ಚಳದ ಅಡಿಯಲ್ಲಿ ಅಕ್ಕಿ ಸಕ್ಕರೆಯಾಗುತ್ತದೆ, ಸಕ್ಕರೆ ಮದ್ಯವಾಗುತ್ತದೆ. ಹೊರಗಿನ ಕೆಟ್ಟ ಕ್ರಿಮಿಗಳಿಗೆ ಒಳಗೆ ಪ್ರವೇಶವಿಲ್ಲ. ದಿನ ಕಳೆದಂತೆ ತೇಲುತ್ತಿದ್ದ ಕೋಜಿ ತಾನಾಗಿಯೇ ಮುಳುಗುತ್ತದೆ. ಆಗ ಗಾಳಿ ತಗಲುತ್ತದೆ, ಮೇಲ್ಮೈಯಲ್ಲಿ ಅಸಿಟಿಕ್ ಬ್ಯಾಕ್ಟೀರಿಯಾದ ತೆಳ್ಳನೆಯ ಕೆನೆ ಕಟ್ಟುತ್ತದೆ, ಹುಳಿ ಶುರುವಾಗುತ್ತದೆ. ಮೂರು ಹಂತವೂ ಒಂದೇ ಜಾಡಿಯಲ್ಲಿ, ಯಾರೂ ಏನನ್ನೂ ಬೇರೆ ಪಾತ್ರೆಗೆ ಬಗ್ಗಿಸದೆ. ಯೀಸ್ಟ್ ಆಗಲಿ ಬ್ಯಾಕ್ಟೀರಿಯಾ ಆಗಲಿ ಹೊರಗಿನಿಂದ ತಂದು ಹಾಕುವ ರೂಢಿಯಿಲ್ಲ. ಹಳೆಯ ಜಾಡಿಗಳಲ್ಲಿ, ಅಲ್ಲಿಯ ಗಾಳಿಯಲ್ಲಿ ನೆಲೆಸಿರುವುದೇ ಸಾಕಾಗುತ್ತದೆ. ಹಾಗೆಂದು ಮನುಷ್ಯರು ಕೈಕಟ್ಟಿ ಕೂರುವುದಿಲ್ಲ. ಕೆಲಸಗಾರರು ಜಾಡಿಗಳ ಬಾಯಿ ತೆರೆದು ಬಣ್ಣ ನೋಡುತ್ತಾರೆ, ವಾಸನೆ ಹಿಡಿಯುತ್ತಾರೆ, ಗುಳ್ಳೆಯೊಡೆಯುವ ಸದ್ದಿಗೆ ಕಿವಿಗೊಡುತ್ತಾರೆ, ಬೇಕಾದ ಜಾಡಿಯನ್ನು ಬಿದಿರಿನ ಕೋಲಿನಿಂದ ಕದಡುತ್ತಾರೆ. ಹುಳಿಯಾಗಲು ಸುಮಾರು ಆರು ತಿಂಗಳು. ಮಾಗಲು ಇನ್ನೂ ಆರು ತಿಂಗಳಿನಿಂದ ಎರಡು ಮೂರು ವರ್ಷ. ಅಕ್ಕಿಯ ಬಣ್ಣದ ದ್ರವ ಅಷ್ಟರಲ್ಲಿ ಜೇನುಬಣ್ಣಕ್ಕೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ಬೆರೆಸಿದ್ದಲ್ಲ, ಕಾಲ ಕೊಟ್ಟದ್ದು.

ಎರಡನೆಯ ಊರು ಐಚಿ ಪ್ರಾಂತದ ಹಾಂದಾ. ಅಲ್ಲಿ ನಕಾನೊ ಮತಜಾಯೆಮೊನ್ ಎಂಬ ಸಾಕೆ ತಯಾರಕ 1804ರಲ್ಲಿ ವಿನೆಗರ್ ಕೆಲಸಕ್ಕೆ ಇಳಿದ. ಅದಕ್ಕೆ ಎದೆಗಾರಿಕೆ ಬೇಕಿತ್ತು. ವಿನೆಗರಿನ ಬ್ಯಾಕ್ಟೀರಿಯಾ ಸಾಕೆಯ ಪೀಪಾಯಿಗೆ ನುಗ್ಗಿದರೆ ಮಾಲೆಲ್ಲ ಹುಳಿಯಾಗಿ ಅಂಗಡಿಯೇ ಮುಳುಗುತ್ತದೆ, ಹಾಗಾಗಿ ಸಾಕೆಯವರು ಅದನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಅವನು ಬಳಸಿದ್ದು ಹೊಸ ಅಕ್ಕಿಯಲ್ಲ, ಸಾಕೆ ಹಿಂಡಿದ ಮೇಲೆ ಉಳಿಯುವ ಗಸಿ. ಅದರಲ್ಲಿ ಇನ್ನೂ ಮದ್ಯದ ಅಂಶ ಇರುತ್ತದೆ. ಕೆಲವು ವರ್ಷ ಇಟ್ಟರೆ ಬಿಳಿಯ ಗಸಿ ಕಂದಾಗುತ್ತದೆ. ನೀರಲ್ಲಿ ಕರಗಿಸಿ, ಹಿಂಡಿ, ಹುಳಿ ಬರಿಸಿದರೆ ಕೆಂಪು ಛಾಯೆಯ ವಿನೆಗರ್. ಇದೇ ಅಕಾಜು. ಅಕ್ಕಿಯ ವಿನೆಗರಿಗಿಂತ ಅಗ್ಗ, ರುಚಿಯಲ್ಲಿ ಮೆದು. ಇಂದಿನ ಟೋಕಿಯೊ, ಆಗಿನ ಎದೊ ನಗರದಲ್ಲಿ ಅದೇ ಕಾಲಕ್ಕೆ ವಿನೆಗರ್ ಕಲಸಿದ ಅನ್ನದ ಮೇಲೆ ಮೀನಿಟ್ಟು ಕೈಯಲ್ಲಿ ಒತ್ತಿ ಕೊಡುವ ಸುಶಿ ಬೀದಿಗೆ ಬಂದಿತ್ತು. ಹನಾಯಾ ಯೊಹೆಯಿ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಾಂದಾದ ವಿನೆಗರ್ ಹಡಗೇರಿ ಎದೊ ಸೇರಿತು. ಮತಜಾಯೆಮೊನ್ ಕಟ್ಟಿದ ಮನೆತನದ ಉದ್ಯಮವೇ ಇಂದಿನ ಮಿಜ್‌ಕಾನ್ ಕಂಪನಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸುಶಿ ಹುಟ್ಟಿನಿಂದ ವಿನೆಗರಿನದಲ್ಲ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹೂತು ತಿಂಗಳುಗಟ್ಟಲೆ ಇಟ್ಟರೆ ಅನ್ನ ತಾನೇ ಹುಳಿಯಾಗುತ್ತದೆ. ಹಳೆಯ ಸುಶಿ ಅದು. ಬಿವಾ ಸರೋವರದ ಸುತ್ತ ಫುನಾಜುಶಿ ಎಂಬ ಹೆಸರಲ್ಲಿ ಈಗಲೂ ಉಳಿದಿದೆ. ಎದೊದ ಅವಸರದ ಗಿರಾಕಿಗೆ ಅಷ್ಟು ಕಾಯುವ ವ್ಯವಧಾನವಿರಲಿಲ್ಲ. ಆ ಹುಳಿಯನ್ನು ವಿನೆಗರ್ ಒಂದು ಕ್ಷಣದಲ್ಲಿ ತಂದುಕೊಟ್ಟಿತು.

ಈಗ ಸಾಮಾನ್ಯ ಅಕ್ಕಿ ವಿನೆಗರ್, ಅಂದರೆ ಕೊಮೆಜು. ಹಳೆಯ ಕ್ರಮದಲ್ಲಿ ಸಾಕೆಗೆ ಈಗಾಗಲೇ ಸಿದ್ಧವಾದ ವಿನೆಗರ್ ಬೆರೆಸಿ ಬೆಚ್ಚಗೆ ಮಾಡುತ್ತಾರೆ. ನಾವು ಹಾಲಿಗೆ ಹೆಪ್ಪು ಹಾಕುವಂತೆ. ಮೇಲೆ ಬ್ಯಾಕ್ಟೀರಿಯಾದ ಕೆನೆ ಹರಡುತ್ತದೆ, ಅದನ್ನು ಅಲುಗಿಸದೆ ತಿಂಗಳುಗಟ್ಟಲೆ ಬಿಡುತ್ತಾರೆ. ಕಾರ್ಖಾನೆಯ ಕ್ರಮ ಬೇರೆ: ದೊಡ್ಡ ತೊಟ್ಟಿಯೊಳಗೆ ಗಾಳಿ ಊದಿ ಒಂದೆರಡು ದಿನಗಳಲ್ಲೇ ಹುಳಿ ಬರಿಸುತ್ತಾರೆ. ಇದನ್ನು ಮೋಸ ಎನ್ನಲಾಗದು. ಬಡವನ ಮನೆಗೂ ಬಾಟಲಿ ಮುಟ್ಟಿದ್ದು ಅದರಿಂದ. ಆದರೆ ಪರಿಮಳ ನಿಧಾನದ್ದರಲ್ಲೇ ಹೆಚ್ಚು ಎಂದು ನನ್ನ ನಾಲಿಗೆ ಹೇಳುತ್ತದೆ. ಅಕ್ಕಿಯ ಪ್ರಮಾಣವೂ ಮುಖ್ಯ. ಜಪಾನಿನ ನಿಯಮದ ಪ್ರಕಾರ ಒಂದು ಲೀಟರಿಗೆ 40 ಗ್ರಾಂ ಅಕ್ಕಿ ಬಳಸಿದರೆ ಸಾಕು, ಅಕ್ಕಿ ವಿನೆಗರ್ ಎಂದು ಮಾರಬಹುದು. ಕುರೊಜುಗೆ ಕನಿಷ್ಠ 180 ಗ್ರಾಂ ಬೇಕು. ಕ್ಯೋಟೊ ಪ್ರಾಂತದ ಕಡಲೂರು ಮಿಯಾಜುವಿನಲ್ಲಿ 1893ರಿಂದ ನಡೆಯುತ್ತಿರುವ ಈಯೊ ಜೋಜೊ ಎಂಬ ಸಂಸ್ಥೆ ಸಾಮಾನ್ಯ ಅಕ್ಕಿ ವಿನೆಗರಿಗೇ 200 ಗ್ರಾಂ ಬಳಸುತ್ತದೆ, ಅದೂ 1964ರಿಂದ ಕೀಟನಾಶಕವಿಲ್ಲದೆ ಬೆಳೆಸಿದ ಅಕ್ಕಿ.

ಅಡುಗೆಮನೆಗೆ ಬರೋಣ. ಜಪಾನಿನ ಅಡುಗೆಯಲ್ಲಿ ಸಕ್ಕರೆ, ಉಪ್ಪು, ವಿನೆಗರ್, ಸೋಯಾ ಸಾಸ್, ಮಿಸೊ ಎಂದು ರುಚಿ ಹಾಕುವ ಕ್ರಮವನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸುತ್ತಾರೆ. ಪರಿಮಳ ಕೊಡುವುದನ್ನು ಆದಷ್ಟು ತಡವಾಗಿ ಹಾಕಬೇಕು, ಇಲ್ಲದಿದ್ದರೆ ಕುದಿಯಲ್ಲಿ ಹಾರಿಹೋಗುತ್ತದೆ. ವಿನೆಗರನ್ನು ಒಂಟಿಯಾಗಿ ಬಳಸುವುದು ಅಪರೂಪ. ಸೋಯಾ ಸಾಸ್ ಮತ್ತು ಸಿಹಿಯೊಂದಿಗೆ ಸೇರಿಸಿದರೆ ಸನ್‌ಬೈಜು. ಒಣಮೀನಿನ ಸಾರ ಸೇರಿದರೆ ತೊಸಾಜು. ಹೊಸ ವರ್ಷಕ್ಕೆ ಮೂಲಂಗಿ, ಕ್ಯಾರೆಟ್ ಎಳೆಗಳನ್ನು ಸಿಹಿ ವಿನೆಗರಿನಲ್ಲಿ ನೆನೆಸುತ್ತಾರೆ. ತಾವರೆ ಗೆಡ್ಡೆ ಹೆಚ್ಚಿದ ಮೇಲೆ ಕಪ್ಪಾಗದಿರಲೆಂದು ವಿನೆಗರ್ ಹಾಕಿದ ನೀರಿನಲ್ಲಿ ಮುಳುಗಿಸಿಡುತ್ತಾರೆ. ಬಂಗುಡೆ ಜಾತಿಯ ಮೀನನ್ನು ಉಪ್ಪಿನಲ್ಲಿಟ್ಟು ವಿನೆಗರಿಗೆ ಹಾಕಿದರೆ ಮಾಂಸ ಬೆಳ್ಳಗಾಗುತ್ತದೆ. ಬೆಂದಂತೆ ಕಂಡರೂ ಅದರೊಳಗಿನ ಪರಾವಲಂಬಿ ಹುಳು ವಿನೆಗರಿಗೆ ಸಾಯುವುದಿಲ್ಲ, ಮನೆಯಲ್ಲಿ ಆ ಪ್ರಯೋಗ ಬೇಡ.

ಹೊಸಬರು ಶುರುಮಾಡಬೇಕಾದದ್ದು ಸೌತೆಕಾಯಿಯ ಸುನೊಮೊನೊ, ಅಂದರೆ ವಿನೆಗರಿನ ಕೋಸಂಬರಿಯಿಂದ. ಎರಡು ಎಳೆ ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಸಣ್ಣ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಡಿ. ನೀರು ಬಿಟ್ಟುಕೊಂಡ ಹೋಳುಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ರಸ ನೀರಾಗಿ ರುಚಿ ಕೆಡುತ್ತದೆ. ದೊಡ್ಡ ಚಮಚದಲ್ಲಿ ಎರಡು ಅಕ್ಕಿ ವಿನೆಗರ್, ಒಂದು ಸಕ್ಕರೆ, ಸಣ್ಣ ಚಮಚದಲ್ಲಿ ಒಂದು ಸೋಯಾ ಸಾಸ್; ಸಕ್ಕರೆ ಕರಗಿದ ಮೇಲೆ ಸೌತೆಕಾಯಿಗೆ ಕಲಸಿ, ಮೇಲೆ ಹುರಿದ ಎಳ್ಳು. ತಣ್ಣಗೆ ತಿನ್ನಬೇಕು. ಸುಶಿಯ ಅನ್ನಕ್ಕಾದರೆ 450 ಗ್ರಾಂ ಅಕ್ಕಿಗೆ ನಾಲ್ಕು ದೊಡ್ಡ ಚಮಚ ವಿನೆಗರ್, ಎರಡು ಸಕ್ಕರೆ, ಒಂದೂವರೆ ಸಣ್ಣ ಚಮಚ ಉಪ್ಪು. ಅನ್ನ ಬಿಸಿಯಿರುವಾಗಲೇ ಸುರಿಯಬೇಕು, ಬೀಸಣಿಗೆಯಿಂದ ಗಾಳಿ ಹಾಕುತ್ತಾ ಮರದ ಸಟ್ಟುಗದಿಂದ ಕತ್ತರಿಸುವಂತೆ ಕಲಸಬೇಕು, ಹಿಸುಕಬಾರದು. ಸೋನಾ ಮಸೂರಿ ಇದಕ್ಕೆ ಒಗ್ಗುವುದಿಲ್ಲ. ಅಂಟುವ ಗಿಡ್ಡ ಅಕ್ಕಿಯೇ ಬೇಕು.

ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. ಸಿಂಥೆಟಿಕ್ ಎಂದಿದ್ದರೆ ಅಲ್ಲೇ ಬಿಡಿ, ಕಿಟಕಿ ಗಾಜು ಒರೆಸಲು ಅದು ಚೆನ್ನ. ಸುಶಿ ವಿನೆಗರ್ ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ, ಉಪ್ಪು ಮೊದಲೇ ಬೆರೆತಿರುತ್ತದೆ, ಮತ್ತೆ ಹಾಕಬೇಡಿ. ಬರೀ ಅಕ್ಕಿ ವಿನೆಗರಿನ ಬಾಟಲಿಯೊಂದಿದ್ದರೆ ಮೇಲಿನ ಎರಡನ್ನೂ ಮಾಡಬಹುದು.