ಚತುರ್ಮುಖ ಬಸದಿಗೆ ಮುಂಬಾಗಿಲು ಯಾವುದು?

ಕಾರ್ಕಳದಂಥ ಊರಿನ ಬಗ್ಗೆ ಕನ್ನಡದಲ್ಲಿ ವೆಬ್‌ಸೈಟು ಮಾಡುವವರು ಮೊದಲು ಸಿಂಗರಿಸುವುದು ಮುಖಪುಟವನ್ನು. ಆದರೆ ಓದುಗ ಆ ಬಾಗಿಲಿಂದ ಬರುವುದೇ ಅಪರೂಪ. ನಾನು ತಡವಾಗಿ ಕಲಿತ ಪಾಠ ಇದು. 1586ರಲ್ಲಿ ಇಮ್ಮಡಿ ಭೈರವರಸ ಕಟ್ಟಿಸಿದ ಚತುರ್ಮುಖ ಬಸದಿಯನ್ನೇ ನೋಡಿ. ಯಾವ ದಿಕ್ಕಿನಿಂದ ಹೊಕ್ಕರೂ ಎದುರಿಗೆ ಅರನಾಥ, ಮಲ್ಲಿನಾಥ, ಮುನಿಸುವ್ರತ, ಅದೇ ಮೂವರು ತೀರ್ಥಂಕರರು. ಹಿಂಬಾಗಿಲು ಎಂಬುದೇ ಇಲ್ಲ. ವೆಬ್‌ಸೈಟೂ ಹಾಗಿರಬೇಕು. ‘ವರಂಗ ಕೆರೆ ಬಸದಿ ದೋಣಿ’ ಎಂದು ಗೂಗಲ್‌ನಲ್ಲಿ ಹುಡುಕಿದವನು ನೇರ ಆ ಪುಟಕ್ಕೇ ಇಳಿಯುತ್ತಾನೆ. ದೋಣಿ ಎಷ್ಟು ಹೊತ್ತಿನವರೆಗೆ ಇರುತ್ತದೆ, ಬಸ್ಸು ಎಲ್ಲಿ ಇಳಿಸುತ್ತದೆ ಎಂಬುದು ಅಲ್ಲೇ ಸಿಗದಿದ್ದರೆ ಮುಖಪುಟದ ಚಂದ ಕಟ್ಟಿಕೊಂಡು ಅವನಿಗೇನು?

ಬೇರೆ ಸೈಟಿನವರು ನಮ್ಮ ಪುಟಕ್ಕೆ ಕೊಡುವ ಲಿಂಕಿನ ವಿಷಯವೂ ಹಾಗೆಯೇ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದಾಗ ಹಿಡಿದ ತರ್ಕ ವಿದ್ವತ್ ಪ್ರಬಂಧಗಳದ್ದು: ಹೆಚ್ಚು ಜನ ಉಲ್ಲೇಖಿಸಿದ್ದಕ್ಕೆ ಹೆಚ್ಚು ತೂಕ. ಅಂದಮೇಲೆ ಕೇಳಿಕೊಳ್ಳಬೇಕಾದದ್ದು ಒಂದೇ, ನಮ್ಮನ್ನು ಯಾರಾದರೂ ಯಾಕೆ ಉಲ್ಲೇಖಿಸಬೇಕು? ಕಾರ್ಕಳದ ಗೊಮ್ಮಟ 42 ಅಡಿ, ನಿಲ್ಲಿಸಿದವನು ವೀರಪಾಂಡ್ಯ, 1432ರಲ್ಲಿ. ಇಷ್ಟು ಎಲ್ಲ ಸೈಟುಗಳಲ್ಲೂ ಇದೆ, ಒಂದರಿಂದ ಒಂದು ಎತ್ತಿದ್ದು. ಯಾರೂ ಯಾರಿಗೂ ಋಣಿಯಲ್ಲ. ಅದೇ ವಿಗ್ರಹದ ಬಳಿಯ ಶಾಸನದ ಸ್ಪಷ್ಟ ಫೋಟೋ, ಮೂಲಪಾಠ, ಇಂದಿನ ಕನ್ನಡದಲ್ಲಿ ಅದರ ಅರ್ಥ, ಮೂರನ್ನೂ ಒಂದೇ ಪುಟದಲ್ಲಿ ಇಟ್ಟವನನ್ನು ಮುಂದೆ ಬರೆಯುವವರು ದಾಟಿ ಹೋಗಲಾರರು. ‘ನೀವು ನಮಗೆ ಕೊಡಿ, ನಾವು ನಿಮಗೆ ಕೊಡುತ್ತೇವೆ’ ಎಂಬ ಲಿಂಕಿನ ಮುಯ್ಯಿ, ದುಡ್ಡು ಕೊಟ್ಟು ಕೊಂಡ ಲಿಂಕು, ಇವುಗಳಿಗೆ 2012ರ ‘ಪೆಂಗ್ವಿನ್’ ಬದಲಾವಣೆಯಲ್ಲೇ ಗೂಗಲ್ ಪೆಟ್ಟು ಕೊಟ್ಟಾಗಿದೆ.

ಕನ್ನಡದಲ್ಲಿ ಓದುವವರೇ ಕಡಿಮೆಯಲ್ಲವೇ ಎನ್ನುತ್ತಾರೆ. ಇರಬಹುದು. ಆದರೆ ಲಿಂಕು ಕೊಡುವವನು ಬರೆಯುವವನು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಬರೆಯುವವರಿಗೆ, ಕಾಲೇಜಿನ ಪ್ರಬಂಧಕ್ಕೆ ಕೂತ ಹುಡುಗಿಗೆ ಬೇಕಾದದ್ದು ನೆಚ್ಚಬಹುದಾದ ಮೂಲ. ಅಂಥ ಹತ್ತು ಜನ ಸಾಕು. ಎಲ್ಲರೂ ವಾಟ್ಸಾಪಿನಲ್ಲೇ ಇದ್ದಾರೆ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಫಾರ್ವರ್ಡ್ ಆದ ಬರಹಕ್ಕೆ ಊರೂ ಇಲ್ಲ, ವಿಳಾಸವೂ ಇಲ್ಲ. ಫೋಟೋದ ಮೂಲೆಯಲ್ಲಿ ಸೈಟಿನ ಹೆಸರು ಬರೆಯಬಹುದು, ಕತ್ತರಿಸುವವರು ಅದನ್ನೂ ಕತ್ತರಿಸುತ್ತಾರೆ.

ಇನ್ನೊಂದು ತೊಡಕು ನಾವೇ ತಂದುಕೊಂಡದ್ದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಹಾಕಿದ ಲೇಖನ ನಮ್ಮ ಕಣ್ಣಿಗೆ ಕನ್ನಡ, ಸರ್ಚಿಗೆ ಬರೀ ಗೀಚು. ಹೆಸರುಗಳನ್ನೂ ಗಮನಿಸಬೇಕು: ಜನ ಗೊಮ್ಮಟ, ಗೋಮಟೇಶ್ವರ, ಬಾಹುಬಲಿ ಎಂದೆಲ್ಲ ಟೈಪಿಸುತ್ತಾರೆ. ಪುಟದಲ್ಲಿ ಮೂರೂ ಸಹಜವಾಗಿ ಬಂದಿರಬೇಕು.

ಇದೆಲ್ಲ ನಿಧಾನದ ಕೆಲಸ. ಕಾರ್ಕಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, 2015ರಲ್ಲಿ ಒಮ್ಮೆ ನಡೆದಿತ್ತು. ಅಭಿಷೇಕದ ವಾರ ಬರೆಯಲು ಕೂತರೆ, ಗೂಗಲ್ ನಮ್ಮನ್ನು ಮೇಲೆ ತಂದು ಕೂರಿಸುವಷ್ಟರಲ್ಲಿ ಬೆಟ್ಟದ ಮೇಲೆ ಅಟ್ಟಳಿಗೆ ಬಿಚ್ಚುತ್ತಿರುತ್ತಾರೆ.