ಜೆಲ್ಲೋ, ಇಂಜೆಕ್ಷನ್ನೋ?

ಬನಹಟ್ಟಿಯ ಓದುಗರೇ,

ಒಂದೇ ರಿಪೋರ್ಟ್ ನೋಡಿ ಟೆಸ್ಟೋಸ್ಟೆರಾನ್ ಶುರು ಮಾಡಬೇಡಿ. ಬೇರೆ ಬೇರೆ ದಿನ, ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಎರಡು ಸಲ ರಕ್ತ ಕೊಡಿ. ರಾತ್ರಿ ಪಾಳಿ ಮಗ್ಗ ನಡೆಸಿ ನೇರ ಲ್ಯಾಬಿಗೆ ಹೋದರೆ ಅಂಕಿ ತಪ್ಪು ಹೇಳೀತು.

ಇನ್ನೊಂದು ಮಗು ಬೇಕೆಂದು ಬರೆದಿದ್ದೀರಿ. ಹಾಗಿದ್ದರೆ ಜೆಲ್, ಇಂಜೆಕ್ಷನ್, ಕ್ಯಾಪ್ಸೂಲ್ ಯಾವುದೂ ಈಗ ಬೇಡ. ಹಾರ್ಮೋನ್ ಹೊರಗಿನಿಂದ ಬಂದರೆ ಮೆದುಳು ವೃಷಣಗಳಿಗೆ ಕಳಿಸುವ ಸೂಚನೆ ನಿಲ್ಲುತ್ತದೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಬೆಳಗಾವಿಯವರೆಗೆ ಹೋಗಿಯಾದರೂ ಎಂಡೋಕ್ರೈನಾಲಜಿಸ್ಟರನ್ನು ಕಾಣಿ, ಬೇರೆ ಔಷಧಗಳಿವೆ.

ಮುಂದೆ ಬೇಕಾದರೆ: ಎರಡು-ಮೂರು ವಾರಕ್ಕೊಮ್ಮೆಯ ಇಂಜೆಕ್ಷನ್ ಅಗ್ಗ, ಆದರೆ ಮೊದಲ ದಿನಗಳ ಹುರುಪು ಕೊನೆಗೆ ಇಳಿದುಬಿಡುತ್ತದೆ. 1000 ಮಿಲಿಗ್ರಾಂನ ಇಂಜೆಕ್ಷನ್ ತುಟ್ಟಿ. ಎರಡನೆಯ ಡೋಸ್ 6 ವಾರಕ್ಕೆ, ಆಮೇಲೆ 10–14 ವಾರಕ್ಕೊಮ್ಮೆ. ದಿನಾ ಹಚ್ಚುವ ಜೆಲ್ ಮಟ್ಟವನ್ನು ಸಮವಾಗಿಡುತ್ತದೆ. ಆದರೆ ಹಚ್ಚಿದ ಭುಜಕ್ಕೆ ಮಗಳು ಒರಗಿದರೆ ಔಷಧ ಅವಳಿಗೂ ಅಂಟುತ್ತದೆ. ನಮ್ಮ ಬೇಸಿಗೆಯಲ್ಲಿ ಬನಿಯನ್ನೂ ಕಳಚಿ ಕೂರುವ ಗಂಡಸರಿಗೆ ನಾನದನ್ನು ಬರೆಯುವುದಿಲ್ಲ. ಕ್ಯಾಪ್ಸೂಲ್ ಜಿಡ್ಡಿರುವ ಊಟದ ಜೊತೆಗಷ್ಟೇ ಸರಿಯಾಗಿ ಮೈಗೆ ಹತ್ತುತ್ತದೆ.

ಯಾವುದೇ ಇರಲಿ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ 54 ದಾಟಿದರೆ ನಿಲ್ಲಿಸಬೇಕು.

ಜಮಖಂಡಿಯ ಜಿಮ್ ಗೆಳೆಯ ಕೊಟ್ಟ ವಯಲ್ ಚುಚ್ಚಿಸಿಕೊಂಡಿದ್ದರೆ ಮುಚ್ಚಿಡಬೇಡಿ, ಅದರ ಲೇಬಲ್ ವೈದ್ಯರಿಗೆ ತೋರಿಸಿ.