ಕ್ರಯಪತ್ರದಲ್ಲಿ ಮೂರನೆಯವರ ಸಾಲ

ಮಳವಳ್ಳಿ ತಾಲ್ಲೂಕು ಕಿರುಗಾವಲಿನ ರೈತನೊಬ್ಬ ತನ್ನ ಕಬ್ಬಿನ ಗದ್ದೆಯನ್ನು ಸಾಹುಕಾರರಿಗೆ ಅಡಮಾನವಿಟ್ಟಿದ್ದಾನೆಂದು ಭಾವಿಸೋಣ. ಗದ್ದೆ ಕೊಳ್ಳುವವನು ಕ್ರಯದ ಹಣದಲ್ಲಿ 50,000 ರೂ. ಉಳಿಸಿಕೊಂಡು, 'ಸಾಹುಕಾರರ ಸಾಲವನ್ನು ನಾನೇ ತೀರಿಸುತ್ತೇನೆ' ಎಂದು ಪತ್ರದಲ್ಲಿ ಬರೆದುಕೊಡುತ್ತಾನೆ. ಮಾರಿದವನು ಋಣ ಹರಿಯಿತೆಂದು ನಿಶ್ಚಿಂತನಾಗುತ್ತಾನೆ. ಋಣ ಹರಿದಿರುವುದಿಲ್ಲ.

ಪತ್ರಕ್ಕೆ ಸೇರದ ಸಾಹುಕಾರರು ಆ ಮಾತನ್ನು ಹಿಡಿದು ಕೊಂಡವನ ಮೇಲೆ ದಾವೆ ಹೂಡುವಂತಿಲ್ಲ. ಇಂಥದೇ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ 1911ರಲ್ಲಿ ಹೀಗೆ ತೀರ್ಪಿತ್ತಿತು. 1969ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. (ಮನೆಯ ವಿಭಾಗಪತ್ರದ ಸಂಗತಿ ಬೇರೆ. ಅದರಲ್ಲಿ ಮಗಳ ಮದುವೆಗೆಂದು ಗೊತ್ತುಮಾಡಿದ ಹಣವನ್ನು, ಆಕೆ ಸಹಿ ಹಾಕದಿದ್ದರೂ, ಕೇಳಬಹುದು.) ಅಡಮಾನದ ಭಾರ ಗದ್ದೆಯ ಮೇಲೆ ಉಳಿಯುತ್ತದೆ, ಸಾಲದ ಹೊಣೆ ಮಾರಿದವನ ಮೇಲೆಯೇ ಉಳಿಯುತ್ತದೆ. ಮಾತಿಗೆ ತಪ್ಪಿದ ಕೊಂಡವನ ಮೇಲೆ ಮಾರಿದವನು ದಾವೆ ಹೂಡಬಹುದು, ನಿಜ. ಆದರೆ ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ.

ಆದ್ದರಿಂದ ನೋಂದಣಿಗೆ ಮೊದಲೇ ಆ ಹಣವನ್ನು ನೇರವಾಗಿ ಸಾಹುಕಾರರಿಗೆ ಕೊಡಿಸಿ, ಅವರಿಂದ ಖುಲಾಸೆ ಪತ್ರವನ್ನು ನೋಂದಾಯಿಸಿಕೊಳ್ಳುವುದು ಕ್ಷೇಮ. ಅದಾಗದಿದ್ದಲ್ಲಿ ಸಾಹುಕಾರರನ್ನೂ ಪತ್ರಕ್ಕೆ ಸೇರಿಸಿ, ಮಾರಿದವನನ್ನು ಸಾಲದಿಂದ ಬಿಡುಗಡೆ ಮಾಡಿರುವುದಾಗಿ ಬರೆಸಿ, ಮೂವರೂ ಸಹಿ ಹಾಕಬೇಕು. ಪಹಣಿಯ 11ನೇ ಕಾಲಂನಲ್ಲಿ ಋಣ ದಾಖಲಾಗಿದ್ದರೆ ಅದನ್ನೂ ತೆಗೆಸತಕ್ಕದ್ದು.